‘ಎನಿ’ ಮತ್ತು ನಮ್ಮ ‘ಯಾವುದೇ’

ಇಂಗ್ಲಿಷಿನ ‘ಎನಿ’ ಚಿಕ್ಕ ಪದ. ಅದು ಹೊರುವ ಹೊರೆ ಮಾತ್ರ ದೊಡ್ಡದು. ‘ಎನಿವನ್’ ಎಂಬುದು ಪ್ರಶ್ನೆಯಲ್ಲಿ ನಮ್ಮ ‘ಯಾರಾದರೂ’, ನಿಷೇಧದಲ್ಲಿ ‘ಯಾರೂ’, ಅನುಮತಿಯಲ್ಲಿ ‘ಯಾರು ಬೇಕಾದರೂ’. ಬಂದವರುಂಟು, ಗುರುತಿಲ್ಲ ಎನ್ನಬೇಕಾದಾಗ ನಾವು ‘ಯಾರೋ’ ಎನ್ನುತ್ತೇವೆ. ಇಂಗ್ಲಿಷ್ ಆಗ ‘ಸಮ್‌ವನ್’ ಎಂಬ ಬೇರೆ ಪದವನ್ನು ಕರೆಯುತ್ತದೆ. ಕನ್ನಡಕ್ಕೆ ‘ಯಾರು’ ಎಂಬ ಪ್ರಶ್ನೆಯೊಂದೇ ಸಾಕು. ಅದರ ತುದಿಯನ್ನು ತುಸು ತಿರುಗಿಸಿದರೆ, ಆಡುವವನಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದೂ ತಿಳಿಯುತ್ತದೆ.

‘ಎನಿಥಿಂಗ್ ತಿನ್ನುವುದಿಲ್ಲ’ ಎಂಬುದು ಉಪವಾಸದವನ ಮಾತೋ, ಆಯ್ದು ತಿನ್ನುವವನ ಮಾತೋ ಎಂಬುದನ್ನು ಇಂಗ್ಲಿಷಿನಲ್ಲಿ ದನಿಯ ಏರಿಳಿತ ಹೇಳಬೇಕು, ಇಲ್ಲವೇ ಇನ್ನೊಂದು ಪದದ ಆಸರೆ ಬೇಕು. ನಮ್ಮಲ್ಲಿ ಮೊದಲನೆಯವನು ‘ಏನೂ ತಿನ್ನುವುದಿಲ್ಲ’ ಎಂದರೆ, ಎರಡನೆಯವನು ‘ಸಿಕ್ಕಿದ್ದನ್ನೆಲ್ಲ ತಿನ್ನುವುದಿಲ್ಲ’ ಎನ್ನುತ್ತಾನೆ. ಗೊಂದಲಕ್ಕೆ ಎಡೆಯೇ ಇಲ್ಲ.

ಇಂಥ ಸಂಪತ್ತನ್ನು ನಾವೀಗ ‘ಯಾವುದೇ’ ಎಂಬ ಒಂದೇ ಪದಕ್ಕೆ ಒತ್ತೆಯಿಟ್ಟಿದ್ದೇವೆ. ‘ಯಾವುದೇ ಪ್ರಶ್ನೆಗಳಿದ್ದಲ್ಲಿ ಕೇಳಿ’, ‘ಯಾವುದೇ ತೊಂದರೆ ಇಲ್ಲ’ ಎಂದು ಜಾಹೀರಾತುಗಳು, ಸೂಚನಾಫಲಕಗಳು, ನಮ್ಮ ಸಂಘಗಳ ಸುತ್ತೋಲೆಗಳು ಕೂಡ ಬರೆಯುತ್ತವೆ. ಇಂಗ್ಲಿಷಿನಲ್ಲಿ ಯೋಚಿಸಿ, ‘ಎನಿ’ ಕಂಡಲ್ಲೆಲ್ಲ ‘ಯಾವುದೇ’ ಇಟ್ಟ ಫಲವಿದು. ‘ಏನಾದರೂ ಕೇಳುವುದಿದ್ದರೆ ಕೇಳಿ’, ‘ಏನೂ ತೊಂದರೆಯಿಲ್ಲ’ ಎಂದರೆ ಏನು ಕೊರತೆ? ‘ಯಾವುದೇ’ ಕೆಟ್ಟ ಪದವಲ್ಲ. ‘ಯಾವುದೇ ಊರಿಗೆ ಹೋಗಲಿ’ ಎಂಬಲ್ಲಿ ಅದು ತನ್ನ ಮನೆಯಲ್ಲೇ ಇದೆ. ಪರರ ಮನೆಗಳನ್ನೆಲ್ಲ ಅದಕ್ಕೆ ಬರೆದುಕೊಟ್ಟವರು ನಾವು.

ಹೊರನಾಡಿನಲ್ಲಿ ಬಾಳುವ ನಮಗೆ ಇದು ಬೇಗ ಕಾಣಬೇಕು. ಚೆನ್ನೈಯಲ್ಲಿ ‘ಯಾರೋ, ಯಾರಾವದು, ಯಾರುಮ್’, ಹೈದರಾಬಾದಿನಲ್ಲಿ ‘ಎವರೋ, ಎವರೈನಾ, ಎವರೂ’ ಎಂಬ ಸೋದರ ರೂಪಗಳು ದಿನವೂ ಕಿವಿಗೆ ಬೀಳುತ್ತವೆ. ದಿಲ್ಲಿಯ ‘ಕೋಯಿ’ ಪ್ರಶ್ನೆಗೂ ನಿಷೇಧಕ್ಕೂ ಗುರುತಿಲ್ಲದ ಅತಿಥಿಗೂ ಒಂದೇ. ಪುಣೆ, ಮುಂಬಯಿಗಳ ‘ಕೋಣೀತರೀ’ಯಲ್ಲಿ ನಮ್ಮ ‘ಯಾರೋ’, ‘ಯಾರಾದರೂ’ ಎರಡೂ ಅಡಗಿವೆ. ಆ ಭಾಷೆಗಳಿಗೆ ಅವುಗಳದೇ ದಾರಿಗಳುಂಟು. ನಮ್ಮ ದಾರಿಯನ್ನು ನಾವು ಮರೆಯಬೇಕಿಲ್ಲ.

ಶಾಲೆಯಲ್ಲಿ ಕನ್ನಡವಿಲ್ಲದ ನಮ್ಮ ಮಕ್ಕಳು ಈ ಭೇದಗಳನ್ನು ಕಲಿಯುವುದು ವ್ಯಾಕರಣದಿಂದಲ್ಲ, ಅಡುಗೆಮನೆಯ ಮಾತಿನಿಂದ. ಕರೆಗಂಟೆ ಕೇಳಿದ ಮಗು ‘ಯಾರೋ ಬಂದರು’ ಎನ್ನಬೇಕಾದರೆ ಆ ‘ಯಾರೋ’ ಮನೆಯಲ್ಲಿ ಮೊದಲು ನಮ್ಮ ಬಾಯಲ್ಲಿ ಇರಬೇಕು. ದೊಡ್ಡ ಪದಗಳನ್ನು ನಿಘಂಟು ಕಾಪಾಡುತ್ತದೆ. ಈ ಪುಟ್ಟ ಬಾಲಗಳನ್ನು ಕಾಪಾಡಬೇಕಾದವರು ಆಡುವವರೇ.