‘ನಮಗೇನೂ ಆಗದು’ ಎಂಬ ವ್ಯಾಧಿ



ಜಾಂಬಿಯಾ, ಮೊಜಾಂಬಿಕ್, ಮಲಾವಿ, ದಕ್ಷಿಣ ಆಫ್ರಿಕಾ ಮೊದಲಾದ ನಾಡುಗಳಿಗೆ ಉದ್ಯೋಗಕ್ಕೂ ಪ್ರವಾಸಕ್ಕೂ ಹೊರಡುವವರು ನಮ್ಮ ಬಳಗದಲ್ಲೇ ಹೆಚ್ಚುತ್ತಿದ್ದಾರೆ. ಸಂತೋಷ. ಆದರೆ ಅವರಲ್ಲಿ ಅನೇಕರು ಆಡುವ ಒಂದು ಮಾತನ್ನು ನಾನು ಖಂಡಿಸಲೇಬೇಕಾಗಿದೆ: “ಸಾರ್, ನಾವು ಸೊಳ್ಳೆಗಳ ನಡುವೆಯೇ ಬೆಳೆದವರು, ನಮಗೇನೂ ಆಗದು.”

ಇದನ್ನು ಧೈರ್ಯವೆನ್ನಲು ನಾನು ಸಿದ್ಧನಿಲ್ಲ. ಮಲೇರಿಯಾಕ್ಕೆ ಎದುರಾಗಿ ದೇಹ ಗಳಿಸುವ ರಕ್ಷಣೆ, ಪದೇ ಪದೇ ಸೋಂಕು ತಗುಲಿದವರಿಗೆ ಮಾತ್ರ, ಅದೂ ಅರೆಬರೆಯಾಗಿ ದೊರೆಯುತ್ತದೆ. ಆ ಪ್ರದೇಶವನ್ನು ತೊರೆದ ಮೇಲೆ ಕ್ರಮೇಣ ಕರಗಿಹೋಗುತ್ತದೆ. ಜಯನಗರದಲ್ಲಿ ಬೆಳೆದವನಿಗೆ ಅದು ಎಲ್ಲಿಂದ ಬಂದೀತು? ಮಂಗಳೂರಿನಲ್ಲಿ ಮಲೇರಿಯಾ ಉಂಡವರೂ ಹಿಗ್ಗಬೇಕಾಗಿಲ್ಲ. ಅಲ್ಲಿ ಬಹುಪಾಲು ಕಂಡಿರುವುದು ವೈವ್ಯಾಕ್ಸ್. ಆಫ್ರಿಕಾದ ಆ ಭಾಗದಲ್ಲಿ ಮೆರೆಯುವುದು ಫಾಲ್ಸಿಪಾರಂ. ಚಿಕಿತ್ಸೆ ತಡವಾದರೆ ಅದು ಮಿದುಳು, ಮೂತ್ರಪಿಂಡಗಳನ್ನು ಕೆಡಿಸಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಹಳೆಯ ಕ್ಲೋರೋಕ್ವಿನ್ ಮಾತ್ರೆಯನ್ನು ಅಲ್ಲಿ ನೆಚ್ಚುವಂತಿಲ್ಲ.

ಇದಕ್ಕೆ ಎದುರಾದ ಮೂಢತನವೂ ಒಂದುಂಟು: ಇಡೀ ಆಫ್ರಿಕಾವೇ ರೋಗಗಳ ಗೂಡೆಂದು ಮೂಗು ಮುರಿಯುವುದು. ಜೊಹಾನ್ಸ್‌ಬರ್ಗ್, ಕೇಪ್‌ಟೌನ್‌ಗಳಲ್ಲಿ ಮಲೇರಿಯಾದ ಭಯವಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅದು ಇರುವುದು ಲಿಂಪೊಪೊ ಮತ್ತು ಎಂಪುಮಲಾಂಗಾ ಪ್ರಾಂತಗಳ ತಗ್ಗು ಪ್ರದೇಶ, ಕ್ರೂಗರ್ ಅಭಯಾರಣ್ಯ, ಕ್ವಾಜುಲು-ನಟಾಲದ ಈಶಾನ್ಯದ ಅಂಚು ಇಷ್ಟರಲ್ಲಿ. ಅದೂ ಮುಖ್ಯವಾಗಿ ಸೆಪ್ಟೆಂಬರಿನಿಂದ ಮೇವರೆಗೆ. ಮೊಜಾಂಬಿಕ್, ಮಲಾವಿಗಳಲ್ಲಾದರೋ ವರ್ಷವಿಡೀ ಎಚ್ಚರ ಬೇಕು. ಹಳದಿ ಜ್ವರದ ಕಥೆಯೂ ಹೀಗೆಯೇ. ದಕ್ಷಿಣ ಆಫ್ರಿಕಾದಲ್ಲಿ ಅದಿಲ್ಲ. ಅಂಗೋಲಾದಲ್ಲಿ 2016ರಲ್ಲಿ ಭೀಕರವಾಗಿ ಹಬ್ಬಿತ್ತು. ಅಲ್ಲಿಗೆ ಹೋಗುವವರು ಕನಿಷ್ಠ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ಯಾವ ಊರು, ಯಾವ ತಿಂಗಳು ಎಂದು ವಿಚಾರಿಸದೆ ಹೆದರುವವನೂ, ವಿಚಾರಿಸದೆ ಮೆರೆಯುವವನೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನವರು.

ಇನ್ನು ಮನೆಮದ್ದಿನ ಪಂಡಿತರು. ಬೇವಿನ ಕಷಾಯ ಕುಡಿದರೆ ಸಾಕು, ಮಾತ್ರೆ ಉಷ್ಣ ಎನ್ನುತ್ತಾರೆ. ಸೊಳ್ಳೆಯ ಒಡಲಲ್ಲಿ ಮಲೇರಿಯಾದ ಪರೋಪಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ನೆರೆಯ ಸಿಕಂದರಾಬಾದಿನಲ್ಲಿ. ಇಷ್ಟು ವರ್ಷಗಳ ಮೇಲೂ ವಿಜ್ಞಾನಕ್ಕಿಂತ ಗಾಳಿಮಾತೇ ನಮಗೆ ಹಿತವೇ? ಅಟೊವಕೋನ್-ಪ್ರೊಗ್ವಾನಿಲ್, ಡಾಕ್ಸಿಸೈಕ್ಲಿನ್ ಮುಂತಾದವುಗಳಲ್ಲಿ ಯಾವುದು ತಕ್ಕುದೆಂದು ವೈದ್ಯರು ಹೇಳಲಿ. ಆ ಪ್ರದೇಶವನ್ನು ಬಿಟ್ಟ ಮೇಲೂ ಮೊದಲನೆಯದನ್ನು 7 ದಿನ, ಎರಡನೆಯದನ್ನು 4 ವಾರ ನುಂಗಲೇಬೇಕು. ಊರು ಸೇರಿದೆವೆಂದು ನಡುವೆ ಬಿಡುವುದು ತರವಲ್ಲ. ಮುಸ್ಸಂಜೆಯಿಂದ ಮುಂಜಾವಿನವರೆಗೆ ಮೈ ಮುಚ್ಚುವ ಉಡುಪು, ಮಲಗುವಾಗ ಸೊಳ್ಳೆಪರದೆ ಇರಲಿ.

ಕೆರೆಯಲ್ಲಿ ಈಜು ಕಲಿತ ನನ್ನ ಹುಡುಗರಿಗೆ ಮತ್ತೊಂದು ಮಾತು. ಮಲಾವಿ ಸರೋವರದ ನೀರು ಕನ್ನಡಿಯಂತೆ ಕಂಡರೂ ಅದರ ಬಸವನಹುಳುಗಳಿಂದ ಹೊರಬೀಳುವ ಬಿಲ್ಹಾರ್ಜಿಯಾದ ಮರಿಗಳು ಚರ್ಮವನ್ನು ಕೊರೆದು ರಕ್ತ ಸೇರುತ್ತವೆ. ಅದೇ ದೇಶದಲ್ಲಿ 2022-23ರಲ್ಲಿ ಕಾಲರಾ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕುದಿಸಿದ ನೀರನ್ನೇ ಕುಡಿಯಿರಿ. ನಾಯಿ ಕಚ್ಚಿದರೆ 15 ನಿಮಿಷ ಸೋಪಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಸೂಟ್‌ಕೇಸಿಗೆ ಉಪ್ಪಿನಕಾಯಿ, ಚಟ್ನಿಪುಡಿ ತುಂಬಲು ತಿಂಗಳ ಸಿದ್ಧತೆ ನಡೆಯುತ್ತದೆ. ವೈದ್ಯರನ್ನು ಕಾಣಲು ಮಾತ್ರ ಅರ್ಧ ಗಂಟೆ ಇಲ್ಲ. ಈ ಅನುಪಾತವನ್ನು ಯಾವ ಗಣಿತದ ಮೇಷ್ಟ್ರೂ ಒಪ್ಪಲಾರರು. ಹೊರಡುವುದಕ್ಕೆ ನಾಲ್ಕಾರು ವಾರ ಮೊದಲೇ ಹೋಗಿ.

ಮರಳಿ ಬಂದ ಮೇಲೆ, ತಿಂಗಳುಗಳು ಕಳೆದಿದ್ದರೂ ಸರಿ, ಜ್ವರ ಬಂದರೆ “ಬರೀ ವೈರಲ್” ಎಂದು ಪ್ಯಾರಸಿಟಮಾಲ್ ನುಂಗಿ ಮಲಗಬೇಡಿ. ಅಂದೇ ರಕ್ತಪರೀಕ್ಷೆ ಮಾಡಿಸಿ. ಮೊದಲ ಸಲ ಏನೂ ಕಾಣದೆ ಜ್ವರ ಮುಂದುವರಿದರೆ ಮತ್ತೆ ಮಾಡಿಸಿ. ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ, ಎಲ್ಲಿಗೆ ಹೋಗಿದ್ದಿರೆಂದು. ಆ ಒಂದು ವಾಕ್ಯದಿಂದ ಜೀವ ಉಳಿದೀತು.

ಕ್ಷೇಮವಾಗಿ ಹೋಗಿ ಬನ್ನಿ.