ಗೋಡೆ ದಾಟದ ವೈಫೈ

ಆನೇಮಹಲ್ ಸುತ್ತಿನ ತೋಟದ ಮನೆಗಳಲ್ಲಿ ಮಳೆ ಹಿಡಿಯಿತೆಂದರೆ ಎರಡು ದೂರು ಒಟ್ಟಿಗೆ ಶುರುವಾಗುತ್ತವೆ. ಕರೆಂಟಿಲ್ಲ ಎನ್ನುವುದು ಒಂದು, ನೆಟ್ ಬರುತ್ತಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ತಾತನ ಕಾಲದ್ದು. ಎರಡನೆಯದು 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳ ಜೊತೆ ಜೋರಾದದ್ದು. ಮಗ ಮನೆಯಲ್ಲೇ ಕೂತು ಕಂಪನಿ ಕೆಲಸವನ್ನೂ ಮಾಡಿ, ತೋಟವನ್ನೂ ನೋಡಿಕೊಳ್ಳಬಲ್ಲನೇ ಎನ್ನುವುದು ಈಗ ಗೋಡೆಯ ಮೇಲಿನ ಒಂದು ಪುಟ್ಟ ಡಬ್ಬಿಯನ್ನು ನಂಬಿಕೊಂಡಿದೆ. ಮೀಟಿಂಗ್ ನಡುವೆ ಎರಡು ಸಲ ಮಾತು ಕಡಿದರೆ ‘ಅಪ್ಪಾ, ನಾನು ವಾಪಸ್ ಹೋಗ್ತೀನಿ’ ಎನ್ನುತ್ತಾನೆ. ಅಪ್ಪ ಗಾಬರಿಯಾಗಿ ಹೆಚ್ಚಿನ ಪ್ಲಾನಿಗೆ ದುಡ್ಡು ಕಟ್ಟುತ್ತಾರೆ. ವೇಗ ಮಾತ್ರ ಇದ್ದಲ್ಲೇ ಇರುತ್ತದೆ.

ದುಡ್ಡು ಕಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ ನೋಡಬೇಕು. ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರ ರೂಟರಿಗೆ ಸಿಕ್ಕಿಸಿ ವೇಗ ಅಳೆಯುವುದು. ಆಮೇಲೆ ಕೇಬಲ್ ತೆಗೆದು, ಕೆಲಸದ ಕೋಣೆಯಲ್ಲಿ ಕೂತು ಅಳೆಯುವುದು. ಕೇಬಲಿನಲ್ಲೂ ಕಡಿಮೆ ಬಂದರೆ ತೊಂದರೆ ಹೆಚ್ಚಾಗಿ ಹೊರಗಿನ ಲೈನಿನದು. ಕೇಬಲಿನಲ್ಲಿ 50 ಬಂದು ಕೋಣೆಯಲ್ಲಿ 4 ಬಂದರೆ ಲೈನಿನವರನ್ನು ಬೈದು ಫಲವಿಲ್ಲ. (ಪ್ಲಾನಿನ 50 ಎಂಬುದು ಮೆಗಾಬಿಟ್. 8 ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ಸಿನಿಮಾ ಇಳಿಸುವಾಗ ಸೆಕೆಂಡಿಗೆ 6 ಮೆಗಾಬೈಟ್ ಕಂಡರೆ ಅದು ಮೋಸವಲ್ಲ, ಲೆಕ್ಕ.)

ನಿಜವಾದ ತಕರಾರು ಮನೆಯದೇ. ದಪ್ಪ ಮಣ್ಣಿನ, ಕಲ್ಲಿನ ಗೋಡೆಗಳು. ಮಳೆಗಾಲದಲ್ಲಿ ಅವು ನೀರು ಹೀರಿ ಕೂತಿರುತ್ತವೆ. ನೀರು ಈ ಅಲೆಗಳನ್ನು ನುಂಗುತ್ತದೆ, ಕಬ್ಬಿಣ ತಡೆದು ವಾಪಸ್ ಕಳಿಸುತ್ತದೆ. ರೂಟರನ್ನೋ, ಲೈನ್ ಒಳಬರುವ ಜಗುಲಿ ಮೂಲೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ ಇಟ್ಟಿರುತ್ತಾರೆ! ಅದನ್ನು ಮನೆಯ ನಡುಭಾಗಕ್ಕೆ, ತಲೆಯೆತ್ತರಕ್ಕೆ, ಬಯಲಿಗೆ ತಂದರೆ ಅರ್ಧ ಜಗಳ ಮುಗಿಯುತ್ತದೆ. ಫೋನಿನಲ್ಲಿ ಎರಡು ಹೆಸರು ಕಂಡರೆ, 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ಗೋಡೆಗೆ ಅಂಜುವಂಥದ್ದು, 2.4ರದು ನಿಧಾನ, ಆದರೆ ದೂರ ಹೋಗುತ್ತದೆ. ಮೈಕ್ರೋವೇವ್ ಒಲೆಯೂ ಇದೇ 2.4ರ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ, ಸಾರು ಬಿಸಿಯಾಗುವಾಗ ಮಾತು ಕಡಿಯುವುದುಂಟು.

‘ಚಾನೆಲ್ ಬದಲಿಸಿ’ ಎಂಬ ಬೆಂಗಳೂರಿನ ಸಲಹೆಗೆ ಇಲ್ಲಿ ಅಷ್ಟು ಬೆಲೆಯಿಲ್ಲ. 2005ರಲ್ಲಿ ಸರ್ಕಾರ 2.4ರ ಪಟ್ಟಿಗೆ ಪರವಾನಗಿ ಬೇಡವೆಂದ ಮೇಲೆ ಪೇಟೆಗಳಲ್ಲಿ ಅದು ಸಂತೆಯಾಗಿದೆ. 1, 6, 11ರಲ್ಲಿ ಖಾಲಿ ಇರುವುದನ್ನು ಹುಡುಕುವುದು ಅಲ್ಲಿಯವರಿಗೆ ಸರಿ. ತೋಟದ ಮನೆಗೆ ಪಕ್ಕದ ಮನೆ ಎಂದರೆ ಗುಡ್ಡದ ಆಚೆ.

ಮಳೆಯ ತಪ್ಪೆಷ್ಟು? ಬೀಳುವ ಹನಿಗಳು ವೈಫೈಯನ್ನು ಅಷ್ಟಾಗಿ ತಡೆಯವು. ಟವರಿನಿಂದ ಟವರಿಗೆ ಹೋಗುವ, 10 ಗಿಗಾಹರ್ಟ್ಸ್‌ಗೂ ಮೇಲಿನ ಅಲೆಗಳಿಗೆ ಮಾತ್ರ ಜಡಿಮಳೆಯ ಪೆಟ್ಟು ಬೀಳುತ್ತದೆ. ಫೈಬರ್ ಗಾಜಿನ ಎಳೆ, ಒಳಗೆ ಓಡುವುದು ಬೆಳಕು; ಅದಕ್ಕೆ ಮಳೆಯ ಹಂಗಿಲ್ಲ. ಸಿಲ್ವರ್ ಓಕ್ ಕೊಂಬೆ ಬಿದ್ದು ಎಳೆ ಮಡಚಿಕೊಂಡರೆ ಮಾತ್ರ ಬೆಳಕು ಅಲ್ಲೇ ಸೋರಿಹೋಗುತ್ತದೆ. ಡಬ್ಬಿಯಲ್ಲಿ ಕೆಂಪು ದೀಪ ಮಿನುಗಿದರೆ ಲೈನಿನವರಿಗೆ ಫೋನ್ ಮಾಡುವುದೇ ಸರಿ. ಇನ್ನು ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ರೂಟರ್ ಸತ್ತು ಹುಟ್ಟುತ್ತದೆ, ಮತ್ತೆ ಲೈನ್ ಹಿಡಿಯಲು ನಿಮಿಷಗಳೇ ಬೇಕು. ಅಡಾಪ್ಟರಿನ ಮೇಲಿನ ವೋಲ್ಟ್ ನೋಡಿ, ಅದಕ್ಕೆ ಹೊಂದುವ ಚಿಕ್ಕ ಯುಪಿಎಸ್ ತಂದರೆ ದೊಡ್ಡ ಪ್ಲಾನಿಗಿಂತ ಹೆಚ್ಚು ಉಪಕಾರ.

ದೂರದ ಕೋಣೆಗೆ ಅಗ್ಗದ ರಿಪೀಟರ್ ಕೊಳ್ಳುವವರೇ ಹೆಚ್ಚು. ಒಂದೇ ಅಲೆಯಲ್ಲಿ ಕೇಳಿ ಮತ್ತೆ ಹೇಳುವ ಈ ಯಂತ್ರ ವೇಗವನ್ನು ಅರ್ಧಕ್ಕಿಳಿಸುತ್ತದೆ. ಅದರ ಬದಲು ಲ್ಯಾನ್ ಕೇಬಲ್ ಎಳೆದು ತುದಿಯಲ್ಲಿ ಇನ್ನೊಂದು ರೂಟರ್ ಇಡುವುದು ಒಳ್ಳೆಯದು. 100 ಮೀಟರ್‌ವರೆಗೆ ತೊಂದರೆಯಿಲ್ಲ. ಆದರೆ ಅದು ಮನೆಯೊಳಗೆ ಮಾತ್ರ. ಕಣ ದಾಟಿ ಗೋದಾಮಿನ ಆಫೀಸಿಗೆ ಎಳೆಯುವುದಾದರೆ ತಾಮ್ರದ ತಂತಿ ಬೇಡ, ಫೈಬರೇ ಆಗಬೇಕು. ಏಪ್ರಿಲ್-ಮೇ ತಿಂಗಳ ಗುಡುಗಿನಲ್ಲಿ ಒಂದು ಸಿಡಿಲು ಸಾಕು, ಎರಡೂ ಕಡೆಯ ಯಂತ್ರಗಳು ಒಟ್ಟಿಗೆ ಸುಟ್ಟುಹೋಗುತ್ತವೆ.