ಮಣೆಯ ಸುತ್ತ ಮನೆಮಂದಿ

ಆಟವೆಂದ ಕೂಡಲೆ ನಮ್ಮ ಕಾಲೇಜಿನವರ ಕಣ್ಣಿಗೆ ಕಟ್ಟುವುದು ಮೈದಾನ. ಕಬಡ್ಡಿ, ವಾಲಿಬಾಲು, ಕ್ರಿಕೆಟ್ಟು, ಓಟದ ಪಂದ್ಯ, ಇವುಗಳ ಮೇಲ್ವಿಚಾರಣೆಗೆ ಅಧ್ಯಾಪಕರೊಬ್ಬರಿರುತ್ತಾರೆ, ಬಹುಮಾನಗಳಿರುತ್ತವೆ, ಗೆದ್ದವರ ಭಾವಚಿತ್ರ ವಾರ್ಷಿಕ ಸಂಚಿಕೆಯ ಮೊದಲ ಪುಟಗಳಲ್ಲಿಯೇ ಅಚ್ಚಾಗುತ್ತದೆ. ಅದೆಲ್ಲ ಆಗತಕ್ಕದ್ದೆ. ಆದರೆ ಬಹುಮಾನವಿಲ್ಲದ, ಭಾವಚಿತ್ರವಿಲ್ಲದ, ಬೆವರೂ ಸುರಿಯದ ಇನ್ನೊಂದು ಬಗೆಯ ಆಟವಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಗೀಟು ಎಳೆದುಕೊಂಡು, ಇಲ್ಲವೆ ಮೇಜಿನ ಮೇಲೊಂದು ಹಲಗೆ ಇಟ್ಟುಕೊಂಡು, ಮನೆಯವರೆಲ್ಲ ಸುತ್ತ ಕುಳಿತು ಕಾಯಿಗಳನ್ನೋ ಪುಟ್ಟ ಗೊಂಬೆಗಳನ್ನೋ ನಡೆಸುವ ಆಟ ಅದು. ಇದನ್ನು ಮಕ್ಕಳ ಕಾಲಹರಣವೆಂದು ತಳ್ಳಿಬಿಡದೆ, ಸಂಸಾರಕ್ಕೆ ಬೇಕಾದ ಒಂದು ಹವ್ಯಾಸವೆಂದು ನಾವು ಎಣಿಸಬೇಕೆಂಬುದೇ ನನ್ನ ವಾದ.

ಹಿರಿಯರಲ್ಲಿ ಕೆಲವರು ಇದನ್ನು ಓದಿ ನಕ್ಕಾರು. ಕೆಲಸವಿಲ್ಲದವರ ಕೆಲಸವೆಂದು ಹೇಳಿಯಾರು. ನಮ್ಮಲ್ಲಿ ಈ ಆಟಗಳಿಗಿದ್ದ ಸ್ಥಾನವೇ ಅಂಥದು: ಹಬ್ಬದ ಮಧ್ಯಾಹ್ನ, ಜಡಿಮಳೆಯ ದಿನ, ಶಿವರಾತ್ರಿಯ ಜಾಗರಣೆ, ಇಂಥ ಹೊತ್ತಿನಲ್ಲಿ ಮಾತ್ರ ಅವಕ್ಕೆ ಅಪ್ಪಣೆ. ಉಳಿದ ದಿನಗಳಲ್ಲಿ ಕವಡೆಯ ಸದ್ದು ಕೇಳಿದರೆ ಮನೆಗೆ ದರಿದ್ರ ಬರುತ್ತದೆಂದು ನನ್ನ ಅಜ್ಜಿ ಗದರುತ್ತಿದ್ದರು. ಹಬ್ಬದ ದಿನ ಎಲ್ಲರಿಗಿಂತ ಮೊದಲು ಕವಡೆಯ ಚೀಲ ಬಿಚ್ಚುತ್ತಿದ್ದವರೂ ಅವರೇ. ವರುಷಕ್ಕೆ ನಾಲ್ಕು ದಿನವಾದರೂ ಆಟ ನಡೆಯುತ್ತಿತ್ತು. ಈಗ ಹಬ್ಬದ ಮಧ್ಯಾಹ್ನವೂ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಒಂದೊಂದು ಮೊಬೈಲಿನಲ್ಲಿ ಮುಖ ಹುದುಗಿಸಿ ಕುಳಿತಿರುತ್ತೇವೆ. ಮನೆತುಂಬ ಜನ, ಆದರೆ ಮಾತಿಗೆ ಸಿಗುವವರು ಯಾರೂ ಇಲ್ಲ. ಆದುದರಿಂದಲೇ ಈ ಸಣ್ಣ ವಿಷಯ ನನಗೆ ಸಣ್ಣದಾಗಿ ತೋರುವುದಿಲ್ಲ.

ಚೌಕಾಬಾರವನ್ನೇ ತೆಗೆದುಕೊಳ್ಳೋಣ. ಐದೈದು ಮನೆಗಳ ಐದು ಸಾಲು, ಒಟ್ಟು ೨೫ ಮನೆ. ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಹೊಡೆದಿರುತ್ತದೆ. ಅಲ್ಲಿ ಕುಳಿತ ಕಾಯಿಗೆ ಭಯವಿಲ್ಲ. ನಾಲ್ಕು ಕವಡೆ ಹಾಕಿದಾಗ ಎಷ್ಟು ಅಂಗಾತ ಬಿದ್ದವೋ ಅಷ್ಟು ಲೆಕ್ಕ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಕವಡೆ ಇಲ್ಲದವರು ಹುಣಸೆಬೀಜವನ್ನು ಒಂದು ಬದಿ ತೇಯ್ದು ಬಳಸುತ್ತಾರೆ. ಬಳೆಚೂರು, ಅಡಕೆಚೂರು, ಕಡಲೆಕಾಳು, ಯಾವುದಾದರೂ ಕಾಯಿಯಾದೀತು. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿಗೆ ತಿರುಗಿ, ನಡುಮನೆ ಸೇರಿದರೆ ಅದು "ಹಣ್ಣಾಯಿತು" ಎನ್ನುತ್ತೇವೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಕೂಡದೆಂಬ ಕಟ್ಟಳೆ ಅನೇಕ ಊರುಗಳಲ್ಲಿದೆ. ಒಂದು ಕಾಸಿನ ಖರ್ಚಿಲ್ಲದೆ, ಆರು ವರುಷದ ಮಗುವೂ ಎಂಬತ್ತು ವರುಷದ ಮುದುಕಿಯೂ ಎದುರುಬದುರು ಕುಳಿತು ಆಡಬಹುದಾದ ಇಂಥ ಸಲಕರಣೆ ಮತ್ತೆಷ್ಟಿವೆ?

ಇದರಲ್ಲಿ ನಾನು ಕಾಣುವ ದೊಡ್ಡ ಗುಣ ಬುದ್ಧಿಯ ತರಬೇತಿಯಲ್ಲ. ಲೆಕ್ಕ ಬರುತ್ತದೆ, ತಾಳ್ಮೆ ಬರುತ್ತದೆ ಎಂದು ಹೇಳುವುದು ವಾಡಿಕೆ, ಬರಲಿ, ಸಂತೋಷ. ನನಗೆ ಮುಖ್ಯವೆನಿಸುವುದು ಬೇರೆ. ನಮ್ಮ ಸಂಸಾರಗಳಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಅಂಕವೆಷ್ಟು ಬಂತೆಂದು ತಂದೆ ಕೇಳಬೇಕು, ಮಗ ತಲೆತಗ್ಗಿಸಿ ಹೇಳಬೇಕು. ಅಲ್ಲಿಗೆ ಸಂಭಾಷಣೆ ಮುಗಿಯಿತು. ಕವಡೆಗಾದರೋ ತಂದೆ ಯಾರು, ಮಗಳು ಯಾರು ಎಂಬುದು ತಿಳಿಯದು. ಮಗಳಿಗೆ ಬಾರ ಬಿದ್ದರೆ ತಂದೆಯ ಕಾಯಿ ಮನೆಗೆ ಮರಳಲೇಬೇಕು. ಯಾವ ಅವಿಧೇಯತೆಯೂ ಇಲ್ಲದೆ, ಕಟ್ಟಳೆಯ ಬಲದಿಂದಲೇ, ಕಿರಿಯರು ಹಿರಿಯರನ್ನು ಗೆಲ್ಲಬಹುದಾದ ಒಂದೇ ಜಾಗ ಮನೆಯಲ್ಲಿ ಇದು. ಸೋತ ತಂದೆ ನಕ್ಕು ಮತ್ತೆ ಕವಡೆ ಎತ್ತಿಕೊಂಡರೆ ಅವರ ಗೌರವ ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ. ಆದರೆ ಒಂದು ಷರತ್ತು: ಮಕ್ಕಳು ಸಂತೋಷಪಡಲೆಂದು ಹಿರಿಯರು ಬೇಕೆಂದೇ ಸೋಲಬಾರದು. ಮಕ್ಕಳಿಗೆ ಅದು ತಿಳಿದುಹೋಗುತ್ತದೆ. ತಿಳಿದ ಮೇಲೆ ಆ ಗೆಲುವಿನಲ್ಲಿ ರುಚಿಯಿಲ್ಲ.

ಹಾಗಾದರೆ ಬುದ್ಧಿಯೇ ಪ್ರಧಾನವಾದ ಆಟದಲ್ಲಿ ಕಿರಿಯರ ಗತಿಯೇನು? ಇದಕ್ಕೆ ನಮ್ಮ ಹಿಂದಿನವರು ಹುಲಿಕುರಿಯಾಟದಲ್ಲಿ ಒಂದು ಉಪಾಯವನ್ನಿಟ್ಟಿದ್ದಾರೆ. ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಕುರಿ ಯಾರನ್ನೂ ತಿನ್ನಲಾರದು, ಆದರೆ ಒತ್ತೊತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಬಹುದು. ಎರಡು ಕಡೆಯ ಬಲವೂ ಬೇರೆ, ಗುರಿಯೂ ಬೇರೆ. ಕಲಿಯುವವನಿಗೆ ಒಂದು ಪಕ್ಷ, ಬಲ್ಲವನಿಗೆ ಇನ್ನೊಂದು. ಮುಂದಿನ ಆಟಕ್ಕೆ ಅದಲುಬದಲು. ಹಂಪೆಯ ಕಲ್ಲುಹಾಸುಗಳ ಮೇಲೆ ಇಂಥ ಆಟದ ಗೆರೆಗಳು ಕೊರೆದಿರುವುದನ್ನು ಪ್ರವಾಸ ಹೋದವರು ನೋಡಿರಬಹುದು. ಕಂಬದ ಕೆತ್ತನೆಯನ್ನು ನೋಡಿ ಬೆರಗಾಗುವ ನಾವು ಕಾಲಡಿಯ ಈ ಗೆರೆಗಳನ್ನು ತುಳಿದುಕೊಂಡು ಹೋಗುತ್ತೇವೆ.

ಆಟವೆಂಬುದು ಸೋಮಾರಿಗಳ ವ್ಯವಹಾರವಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ಸಾಕ್ಷಿಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ರಾಜ್ಯಭಾರ ಬ್ರಿಟಿಷರ ಕೈಗೆ ಹೋದ ಮೇಲೆ ಸಾಹಿತ್ಯ, ಚಿತ್ರಕಲೆಗಳಿಗೆ ಕೊಟ್ಟಂಥದೇ ಮನಸ್ಸನ್ನು ಆಟಗಳಿಗೂ ಕೊಟ್ಟರು. ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿ, ಒಂದೊಂದರಲ್ಲೂ ಒಂದೇ ಸಲ ಕಾಲಿಡುವಂತೆ ನಡೆಸುವ ಬಂಧಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗದಲ್ಲಿ ಗಂಜೀಫಾ ಎಲೆಗಳ ವಿವರಣೆ ಬಂದಿದೆ. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆಯಾಟಗಳನ್ನು ಹುಡುಕಿ, ಹೊಸದಾಗಿ ಮಾಡಿಸಿ, ಪ್ರದರ್ಶನಗಳನ್ನು ಏರ್ಪಡಿಸಿದ್ದಾರೆ. ಪ್ರದರ್ಶನ ಒಳ್ಳೆಯದೆ. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಪಗಡೆ ಹಾಸಿಗೂ ಜಗಲಿಯ ಮೇಲಿನ ಪಗಡೆ ಹಾಸಿಗೂ ಇರುವ ಅಂತರ, ಒಣಗಿಸಿ ಪುಸ್ತಕದಲ್ಲಿಟ್ಟ ಹೂವಿಗೂ ಗಿಡದ ಹೂವಿಗೂ ಇರುವಷ್ಟು.

ಇನ್ನು ಪುಟ್ಟ ಗೊಂಬೆಗಳ ಮಾತು. ಚದುರಂಗದ ಆನೆ, ಕುದುರೆ, ರಥ, ಕಾಲಾಳುಗಳು ಒಂದು ಸೈನ್ಯದ ಕಿರುರೂಪವೇ ಅಲ್ಲವೆ? ಅದೇ ಹಂಬಲ ಪಶ್ಚಿಮದಲ್ಲಿ ಬೇರೆ ಬಗೆಯಾಗಿ ಬೆಳೆಯಿತು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮನೆಯ ನೆಲದ ಮೇಲೆ ಮರದ ಹಲಗೆಗಳಿಂದ ದ್ವೀಪಗಳನ್ನೂ ಪಟ್ಟಣಗಳನ್ನೂ ಕಟ್ಟಿ ಆಡುತ್ತಿದ್ದ. ಆ ಆಟವನ್ನೇ ವಿವರಿಸಿ ೧೯೧೧ರಲ್ಲಿ 'ಫ್ಲೋರ್ ಗೇಮ್ಸ್' ಎಂಬ ಪುಸ್ತಕ ಬರೆದ. ೧೯೧೩ರಲ್ಲಿ ತವರದ ಸಿಪಾಯಿಗಳಿಂದ ಯುದ್ಧದಾಟ ಆಡುವ ನಿಯಮಗಳನ್ನು 'ಲಿಟ್ಲ್ ವಾರ್ಸ್' ಎಂಬ ಪುಸ್ತಕವಾಗಿಸಿದ. ಜಗತ್ತಿನ ಭವಿಷ್ಯವನ್ನು ಕುರಿತು ಗ್ರಂಥಗಳನ್ನು ಬರೆದ ಮನುಷ್ಯ ನೆಲದ ಮೇಲೆ ಮಂಡಿಯೂರಿ ಕುಳಿತುದರಿಂದ ಅವನ ಘನತೆಗೇನೂ ಕುಂದಾಗಲಿಲ್ಲ. ಆ ದಾರಿಯಲ್ಲಿ ಇಂದು ಅನೇಕ ದೇಶಗಳಲ್ಲಿ ತಂದೆತಾಯಿ ಮಕ್ಕಳು ಒಟ್ಟಿಗೆ ಕುಳಿತು ಬೆರಳುದ್ದದ ಗೊಂಬೆಗಳಿಗೆ ಬಣ್ಣ ಬಳಿದು, ಕಾಗದದ ಬೆಟ್ಟ, ಹತ್ತಿಯ ಮೋಡ ಮಾಡಿ ಆಡುತ್ತಾರೆ. ದಸರೆಯಲ್ಲಿ ಗೊಂಬೆ ಕೂರಿಸಿ, ಕನ್ನಡಿಚೂರಿನಿಂದ ಕೆರೆ ಮಾಡಿ, ರಾಗಿಪೈರು ಬೆಳೆಸುವ ನಮ್ಮ ಹೆಂಗಸರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಬೇಕಾದ ಕಾಯಿಗಳನ್ನು ಚನ್ನಪಟ್ಟಣದ ಕುಶಲಿಗಳು ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿ ಕೊಟ್ಟಾರು.

ಯುದ್ಧವನ್ನು ಆಟ ಮಾಡುವುದು ಸರಿಯೆ, ಎಂದು ಯಾರಾದರೂ ಕೇಳಬಹುದು. ಪ್ರಷ್ಯದ ಸೇನೆಯವರು ೧೮೨೪ರಲ್ಲಿ ಇಂಥದೇ ಮೇಜಿನಾಟವನ್ನು ಅಧಿಕಾರಿಗಳ ಶಿಕ್ಷಣಕ್ಕೆ ಬಳಸತೊಡಗಿದರೆಂಬುದೂ ನಿಜ. ವೆಲ್ಸನ ಉತ್ತರ ಬೇರೆ: ತವರದ ಸಿಪಾಯಿಗಳನ್ನು ನಡೆಸುವುದರಲ್ಲೇ ಇಷ್ಟು ಎಡವಟ್ಟಾಗುವುದನ್ನು ಕಂಡವನು ನಿಜವಾದ ಯುದ್ಧದ ಅವಿವೇಕವನ್ನು ಅರಿಯುತ್ತಾನೆಂದು ಅವನ ಮತ. ಅವನ ಪುಸ್ತಕ ಬಂದ ಮರುವರುಷವೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಆಟ ಯುದ್ಧವನ್ನು ತಡೆಯುತ್ತದೆಂದು ನಾನು ನಂಬಲಾರೆ. ಆಟವೇ ಯುದ್ಧವನ್ನು ಕಲಿಸುತ್ತದೆಂದೂ ನಂಬಲಾರೆ. ಕಾದಾಟ ಒಲ್ಲದವರಿಗೆ ಊರು ಕಟ್ಟುವ ಆಟಗಳಿವೆ. ೧೯೯೫ರಲ್ಲಿ ಜರ್ಮನಿಯ ಕ್ಲಾಸ್ ಟಾಯ್ಬರ್ ರಚಿಸಿದ 'ಕಾಟಾನ್' ಆಟದಲ್ಲಿ ಇಟ್ಟಿಗೆ, ಧಾನ್ಯ, ಉಣ್ಣೆಗಳನ್ನು ವಿನಿಮಯ ಮಾಡಿಕೊಳ್ಳದೆ ಯಾರೂ ಮುಂದೆ ಹೋಗಲಾರರು. ೨೦೦೮ರಲ್ಲಿ ಬಂದ 'ಪ್ಯಾಂಡೆಮಿಕ್' ಆಟದಲ್ಲಿ ಎಲ್ಲರೂ ಒಂದೇ ಪಕ್ಷ, ರೋಗವೇ ಎದುರಾಳಿ, ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಇವು ಬೆಲೆಯಲ್ಲಿ ದುಬಾರಿ, ಆದರೆ ವಿದೇಶದ್ದೆಂದು ದೂರವಿಡಬೇಕಾಗಿಲ್ಲ. ಹೊರಗಿನ ಒಳ್ಳೆಯ ಆಟವನ್ನು ಬರಮಾಡಿಕೊಂಡು, ಜೊತೆಗೆ ಮನೆಯ ಮಣೆಯನ್ನೂ ಅಟ್ಟದಿಂದ ಇಳಿಸಿದರಾಯಿತು.

ಜೂಜಿನ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಪಗಡೆಯೆಂದೊಡನೆ ಶಕುನಿ ನೆನಪಾಗುತ್ತಾನೆ; ಧರ್ಮರಾಯನಂಥವನೇ ರಾಜ್ಯವನ್ನೂ ತಮ್ಮಂದಿರನ್ನೂ ದ್ರೌಪದಿಯನ್ನೂ ಒಡ್ಡಿ ಸೋತ ಕಥೆಯನ್ನು ಕೇಳಿ ಬೆಳೆದ ನಾಡು ನಮ್ಮದು. ಆದರೆ ಆ ಸಭೆಯಲ್ಲಿ ಅನರ್ಥ ತಂದುದು ದಾಳವಲ್ಲ, ಪಣ. ೨೦೨೫ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ್ದೂ ಪಣದ ಭಯದಿಂದಲೇ. ಮನೆಯಾಟದಲ್ಲಿ ಹುಣಸೆಬೀಜಕ್ಕಿಂತ ಹೆಚ್ಚಿನದನ್ನು ಒಡ್ಡಕೂಡದೆಂಬ ನಿಯಮವಿದ್ದರೆ ಸಾಕು.

ಜಗಳದ ಭಯವೂ ಉಂಟು. ತುಳುನಾಡಿನ ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಸಹೋದರಿಯರು ಚೆನ್ನೆಮಣೆಯಾಡುತ್ತ ಕಲಹಕ್ಕೆ ಬಿದ್ದು, ಕೊನೆಗೆ ಇಬ್ಬರೂ ಪ್ರಾಣ ನೀಗಿದ ಕಥೆಯಿದೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಇದರಿಂದ ಹುಟ್ಟಿದೆ. ಹದಿನಾಲ್ಕು ಗುಳಿಗಳ ಒಂದು ಮರದ ತುಂಡಿನಲ್ಲಿ ಎಷ್ಟು ಮತ್ಸರ ಅಡಗಿರಬಲ್ಲುದೆಂಬುದನ್ನು ಆ ಕಥೆ ಕಟ್ಟಿದವರು ಬಲ್ಲರು. ಆದರೂ ಆಟಿ ತಿಂಗಳ ಮಳೆಯಲ್ಲಿ ಆ ಜನ ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ; ಆಡುತ್ತಲೇ ಬಂದರು. ಮತ್ಸರ ಆಟವಿಲ್ಲದ ಮನೆಯಲ್ಲಿಯೂ ಇರುತ್ತದೆ. ಅಲ್ಲಿ ಅದು ಆಸ್ತಿ ಪಾಲಾಗುವ ದಿನದವರೆಗೆ ಮಾತನಾಡದೆ ಕಾದಿರುತ್ತದೆ. ಕವಡೆ ಓರೆಯಾಗಿ ಬಿತ್ತೋ ಬೋರಲಾಗಿ ಬಿತ್ತೋ ಎಂದು ಅಣ್ಣತಮ್ಮಂದಿರು ವಾದಿಸಿ, ಅಜ್ಜಿಯ ತೀರ್ಪಿಗೆ ಒಪ್ಪಿ, ಆಟ ಮುಂದುವರಿಸುವುದು ಒಂದು ದೊಡ್ಡ ಶಿಕ್ಷಣ. ಮೊಬೈಲಿನಲ್ಲಿ ಲೂಡೋ ಆಡುವವರಿಗೆ ಈ ಶಿಕ್ಷಣವಿಲ್ಲ. ಅಲ್ಲಿ ದಾಳ ಉರುಳಿಸುವುದೂ ಎಣಿಸುವುದೂ ತೀರ್ಪು ಹೇಳುವುದೂ ಯಂತ್ರವೇ. ನಮ್ಮ ಪಗಡೆ ಪಚ್ಚೀಸಿಗಳಿಂದಲೇ ಲೂಡೋ ಹುಟ್ಟಿದ್ದು ಎಂದು ಹೆಮ್ಮೆಪಡುವಾಗ, ಪಕ್ಕದಲ್ಲಿ ಕುಳಿತವನ ಮುಖ ನೋಡುವುದನ್ನು ಎಲ್ಲಿ ಬಿಟ್ಟುಬಂದೆವೆಂಬುದನ್ನೂ ಯೋಚಿಸಬೇಕು.

ಈ ಹವ್ಯಾಸವನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಮನೆಮಂದಿಯ ಆಟವೆನ್ನುತ್ತೇವೆ, ಆ ಮಂದಿಯಲ್ಲಿ ತಾಯಿ ಸೇರಿದ್ದಾರೆಯೆ? ವೆಲ್ಸನು ತನ್ನ ಪುಸ್ತಕವನ್ನು ಎಲ್ಲ ವಯಸ್ಸಿನ ಹುಡುಗರಿಗೂ, ಹುಡುಗರ ಆಟ ಮೆಚ್ಚುವ ಜಾಣ ಹುಡುಗಿಯರಿಗೂ ಮೀಸಲಿಟ್ಟ. ತಾಯಂದಿರ ನೆನಪು ಅವನಿಗೂ ಬರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಯಿ ನಡೆಸಬಲ್ಲವರು ನನ್ನ ತಾಯಿ. ಆದರೆ ಅವರು ಆಡಿದ್ದಕ್ಕಿಂತ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೌಟು ಹಿಡಿದ ಕೈಯಿಂದಲೇ "ಆ ಕಾಯಿ ಬೇಡ, ಈ ಕಾಯಿ" ಎಂದು ತೋರಿಸಿದ್ದೇ ಹೆಚ್ಚು. ಉಳಿದವರು ಗಂಟೆಗಟ್ಟಲೆ ಆಡುವಾಗ ಒಬ್ಬರು ಕಾಫಿ ಸೋಸುತ್ತ ತಿಂಡಿ ಕರಿಯುತ್ತ ಇರಬೇಕಾದರೆ ಅದು ಮನೆಮಂದಿಯ ಆಟವಲ್ಲ. ಅವರಿಗೆ ಅದು ಇನ್ನೊಂದು ಚಾಕರಿ. ಆಟದ ಮೊದಲನೆಯ ನಿಯಮ ಹೀಗಿರಲಿ: ಮುಸುರೆಯನ್ನು ಎಲ್ಲರೂ ಸೇರಿ ತೊಳೆದ ಮೇಲೆಯೇ ಮಣೆ ಹಾಕತಕ್ಕದ್ದು. ತಾಯಿ ಕುಳಿತ ಮೇಲೆಯೇ ಮೊದಲ ಕವಡೆ.

ಕೊನೆಯದಾಗಿ ನನ್ನ ಸಹಪಾಠಿಗಳಿಗೂ ಗುರುಗಳಿಗೂ ಎರಡು ವಿಜ್ಞಾಪನೆಗಳು. ನಮ್ಮ ಕಾಲೇಜಿಗೆ ನಾನಾ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಂದೊಂದು ಊರಿನಲ್ಲಿ ಚೌಕಾಬಾರದ ಕಟ್ಟಳೆ ಒಂದೊಂದು ಬಗೆ. ಅಳಿಗುಳಿಮಣೆಯ ಲೆಕ್ಕ ಬೇರೆ, ಹೆಸರು ಬೇರೆ. ಇವನ್ನು ಬಲ್ಲ ಅಜ್ಜಿಯರು ಈಗಲೂ ಇದ್ದಾರೆ, ಬಹುಕಾಲ ಇರುವುದಿಲ್ಲ. ಈ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಆಟದ ನಿಯಮಗಳನ್ನು ಗೆರೆಚಿತ್ರದ ಸಮೇತ ಬರೆದುತಂದರೆ, ಮುಂದಿನ ಸಂಚಿಕೆಗೆ ಕವನಗಳಿಗಿಂತ ಉಪಯುಕ್ತವಾದ ಸಾಮಗ್ರಿ ಒದಗೀತು. ಎರಡನೆಯದು, ವಿದ್ಯಾರ್ಥಿನಿಲಯದ ವಾಚನಾಲಯದಲ್ಲಿ ಒಂದು ಕಪಾಟಿನ ಒಂದು ಅಂಕಣವನ್ನು ಮಣೆಗಳಿಗೆ ಬಿಟ್ಟುಕೊಡಬೇಕು. ಹೆಚ್ಚಿನ ವೆಚ್ಚವಿಲ್ಲ, ನಾಲ್ಕು ಹಲಗೆ, ಒಂದು ಹಿಡಿ ಕವಡೆ, ಒಂದು ಸೇರು ಹುಣಸೆಬೀಜ. ಅಲ್ಲಿ ಕಲಿತದ್ದನ್ನು ಊರಿಗೆ ಹೋದಾಗ ಅಪ್ಪ, ಅಮ್ಮ, ತಂಗಿಯರನ್ನು ಕೂರಿಸಿಕೊಂಡು ಆಡಬಹುದು. ವಾರಕ್ಕೊಂದು ಸಂಜೆ, ಒಂದು ಗಂಟೆ ಹೊತ್ತು ಮೊಬೈಲುಗಳನ್ನು ದೂರವಿಟ್ಟು ಹೀಗೆ ಕುಳಿತುಕೊಳ್ಳಲಾರದಷ್ಟು ಕೆಲಸ ನಮ್ಮಲ್ಲಿ ಯಾರಿಗೂ ಇಲ್ಲವೆಂದು ನಾನು ಬಲ್ಲೆ.